ಫ್ಯಾನಿನ ಸದ್ದು ಹೋಗುತ್ತದೆ, ಮಳೆಯ ಸದ್ದು ಹೋಗುವುದಿಲ್ಲ

ಪಾಡ್‌ಕಾಸ್ಟ್ ಶುರು ಮಾಡಬೇಕು ಅಂತ ಬರುವವರು ಮೊದಲು ಕೇಳುವುದು, ಯಾವ ಮೈಕ್ ತಗೊಳ್ಳಲಿ ಅಂತ. ನಾನು ತಿರುಗಿ ಕೇಳುತ್ತೇನೆ: ಮನೆಯ ಮಾಡು ಎಂಥದ್ದು? ಹಂಚಿನದ್ದಾ, ಟೆರೇಸಾ, ಟೆರೇಸಿನ ಮೇಲೆ ಶೀಟು ಹಾಕಿದ್ದೀರಾ? ಕಾಸರಗೋಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಕಾರ್ಡಿಂಗ್ ಹೇಗೆ ಬರುತ್ತದೆ ಅನ್ನುವುದು ಮೈಕಿಗಿಂತ ಜಾಸ್ತಿ ಮಾಡಿನ ಕೈಯಲ್ಲಿದೆ.

ಎಡಿಟಿಂಗ್‌ಗೆ ಆಡಾಸಿಟಿ ಧಾರಾಳ ಸಾಕು. 2000ನೇ ಇಸವಿಯಿಂದ ಪುಕ್ಕಟೆ ಸಿಗುತ್ತಿರುವ ಸಾಫ್ಟ್‌ವೇರ್ ಇದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ತೊಂದರೆ ಏನೆಂದರೆ, ಅದರಲ್ಲಿ ನಾಯ್ಸ್ ರಿಡಕ್ಷನ್ ಇದೆ ಅಂತ ಗೊತ್ತಾದ ಕೂಡಲೇ ಜನ ಎಲ್ಲೆಂದರಲ್ಲಿ ಕೂತು ಮಾತಾಡಲು ಶುರು ಮಾಡುತ್ತಾರೆ. ಸದ್ದನ್ನು ಆಮೇಲೆ ತೆಗೆದರಾಯ್ತು, ಅಲ್ವಾ?

ಎಲ್ಲ ಸದ್ದೂ ಹೋಗುವುದಿಲ್ಲ. ಆ ಎಫೆಕ್ಟಿಗೆ ನೀವು ಮೊದಲು ಯಾರೂ ಮಾತಾಡದ ಒಂದೆರಡು ಸೆಕೆಂಡಿನ ತುಣುಕು ತೋರಿಸಬೇಕು. ಅದಕ್ಕೇ 'ಗೆಟ್ ನಾಯ್ಸ್ ಪ್ರೊಫೈಲ್' ಇರುವುದು. ಯಾವ ಫ್ರೀಕ್ವೆನ್ಸಿಯ ಸದ್ದು ಎಷ್ಟಿದೆ ಅಂತ ಅದು ಅಳೆದಿಟ್ಟುಕೊಳ್ಳುತ್ತದೆ. ಆಮೇಲೆ ಇಡೀ ರೆಕಾರ್ಡಿಂಗಿನಲ್ಲಿ ಆ ಮಟ್ಟದ ಆಚೀಚೆ ಇರುವುದನ್ನು ತಗ್ಗಿಸುತ್ತದೆ. ಫ್ಯಾನು, ಫ್ರಿಜ್ಜು, ಇನ್ವರ್ಟರ್ ಒಂದೇ ಸಮನೆ ಗುಂಯ್‌ಗುಡುವ ವಸ್ತುಗಳು. ಅವುಗಳ ಸದ್ದು ತೆಗೆಯುವುದು ಸುಲಭ. ಶೀಟಿನ ಮೇಲಿನ ಮಳೆ ಹಾಗಲ್ಲ. ಈಗ ಜೋರು, ಇನ್ನೊಂದು ಗಳಿಗೆಗೆ ತೆಳು. ಸಾಲದ್ದಕ್ಕೆ ಮಾತಿನ ಫ್ರೀಕ್ವೆನ್ಸಿಯಲ್ಲೆಲ್ಲ ಹರಡಿಕೊಂಡಿರುತ್ತದೆ. ಅದನ್ನು ಉಜ್ಜಲು ಹೋದರೆ ಮಾತೂ ಸವೆಯುತ್ತದೆ. ಸ್ವರ ಕೊಡಪಾನದೊಳಗಿಂದ ಬಂದ ಹಾಗೆ ಕೇಳುತ್ತದೆ. ನಾನು 6ರಿಂದ 12 ಡೆಸಿಬಲ್ ತಗ್ಗಿಸಿ ನಿಲ್ಲಿಸುತ್ತೇನೆ. ಅಷ್ಟಕ್ಕೆ ಹೋಗದ ಸದ್ದಿದ್ದರೆ ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಮಾತಾಡಿಸುವುದೇ ವಾಸಿ.

ಚಾರ್ಜರ್ ಸಿಕ್ಕಿಸಿದಾಗ ಹಿನ್ನೆಲೆಯಲ್ಲಿ ಒಂದು ಗುಂಗು ಬರುತ್ತದಲ್ಲ, ಅದು ನಮ್ಮ 50 ಹರ್ಟ್ಸ್ ಕರೆಂಟಿನದ್ದು. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ಉಳಿದದ್ದಕ್ಕೆ 80 ಹರ್ಟ್ಸಿನ ಹೈ‌ಪಾಸ್ ಫಿಲ್ಟರ್ ಹಾಕಿ, ಅದು 80ಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುತ್ತದೆ.

ಮಳೆಗಿಂತಲೂ ಹಟಮಾರಿ ಸದ್ದು ಹೊಸ ಟೆರೇಸು ಮನೆಗಳದ್ದು. ನೆಲಕ್ಕೆ ಟೈಲ್ಸ್, ಬೋಳು ಗೋಡೆ, ಎತ್ತರದ ಹಾಲು. ಮಾತು ಗೋಡೆಗೆ ಬಡಿದು ವಾಪಸ್ ಬಂದು ಮಾತಿಗೇ ಅಂಟಿಕೊಳ್ಳುತ್ತದೆ. ನಾಯ್ಸ್ ರಿಡಕ್ಷನ್‌ಗೆ ಇದು ಸಿಗುವುದೇ ಇಲ್ಲ, ಯಾಕೆಂದರೆ ಯಾರೂ ಮಾತಾಡದಿದ್ದಾಗ ಅದು ಇರುವುದೇ ಇಲ್ಲ. ಅತಿಥಿ ಬಂದರೆಂದು ಹಾಲಿನಲ್ಲಿ ಕೂರಿಸಬೇಡಿ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕಪಾಟು ಇರುವ ಮಲಗುವ ಕೋಣೆಗೆ ಕರೆದುಕೊಂಡು ಹೋಗಿ. ಮರ್ಯಾದೆಗೆ ಸ್ವಲ್ಪ ಕಡಿಮೆ ಅನಿಸಬಹುದು, ಸದ್ದಿಗೆ ಅದೇ ಒಳ್ಳೆಯದು. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ಸ್ವಲ್ಪ ಓರೆಯಾಗಿರಲಿ. ನೇರ ಎದುರಿಗಿಟ್ಟರೆ 'ಪ', 'ಭ' ಬಂದಾಗಲೆಲ್ಲ ಗಾಳಿ ಬಡಿಯುತ್ತದೆ.

ಇನ್ನು ಮಟ್ಟದ ವಿಷಯ. ಮಾತಿನ ಶಿಖರ ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಒಳಗಿರಲಿ. ಸೊನ್ನೆ ಮುಟ್ಟಿದರೆ ಅಲೆಯ ತಲೆಯೇ ಕತ್ತರಿಸಿ ಹೋಗುತ್ತದೆ. ತಾಳಮದ್ದಳೆ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ರೆಕಾರ್ಡ್ ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಪಾತ್ರದ ಮಾತಾಡುವ ಅರ್ಥಧಾರಿಯ ಮೆಲು ಮಾತಿಗೆ ಮಟ್ಟ ಏರಿಸಿರುತ್ತಾರೆ, ಭಾಗವತರು ಪದ ಎತ್ತಿಕೊಂಡಾಗ ಚೆಂಡೆಯ ಪೆಟ್ಟು ಬಿದ್ದು ಎಲ್ಲ ಒಡೆಯುತ್ತದೆ. ಮಟ್ಟ ಗೊತ್ತು ಮಾಡಬೇಕಾದದ್ದು ಚೆಂಡೆ ಬಾರಿಸಿಸಿ. ತಗ್ಗಿದ ಮಾತನ್ನು ಆಮೇಲೆ ಏರಿಸಬಹುದು.

ಆಗುವುದಾದರೆ ಮಾತಿಗೆ ಒಂದು, ಹಿಮ್ಮೇಳಕ್ಕೆ ಒಂದು ಅಂತ ಎರಡು ಕಡೆ ರೆಕಾರ್ಡ್ ಮಾಡಿ. ಎರಡನೆಯದಕ್ಕೆ ಫೋನೇ ಸಾಕು. ಶುರುವಿಗೊಮ್ಮೆ, ಕೊನೆಗೊಮ್ಮೆ ಚಪ್ಪಾಳೆ ತಟ್ಟಿ. ಮೊದಲ ಚಪ್ಪಾಳೆಯಿಂದ ಎರಡು ಟ್ರ್ಯಾಕುಗಳನ್ನು ಹೊಂದಿಸಬಹುದು. ಎರಡು ಸಾಧನಗಳ ಗಡಿಯಾರ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. ಎಷ್ಟು ಜಾರಿದೆ ಅಂತ ಕೊನೆಯ ಚಪ್ಪಾಳೆ ತೋರಿಸುತ್ತದೆ. ಮೌನ ಇರುವಲ್ಲಿ ಕತ್ತರಿಸಿ ಸರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಫೋನಿನ ಎಂ4ಎ ಫೈಲ್ ತೆರೆಯದಿದ್ದರೆ ಎಫ್‌ಎಫ್‌ಎಂಪೆಗ್ ಅನ್ನುವ ಸಹಾಯಕ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದೂ ಪುಕ್ಕಟೆಯೇ.

ಕತ್ತರಿಸುವಾಗ ನನಗೊಂದು ಹಟ ಇದೆ. ಬದಿಯಡ್ಕದ ಅಜ್ಜನೋ ಕುಂಬಳೆಯ ಅಕ್ಕನೋ ಕನ್ನಡದಲ್ಲಿ ಶುರು ಮಾಡಿದ ವಾಕ್ಯ ತುಳುವಿಗೆ ಹೊರಳಿ ಮಲಯಾಳದಲ್ಲಿ ಮುಗಿಯಬಹುದು. ಬೆಂಗಳೂರಿನ ಕೇಳುಗರಿಗೆ ಅರ್ಥವಾಗಲಿಕ್ಕಿಲ್ಲ ಅಂತ ಅದನ್ನು ತೆಗೆಯಬೇಡಿ. ಬೇಕಿದ್ದರೆ ನಿರೂಪಕರು ಒಂದು ಮಾತು ಸೇರಿಸಲಿ. ತೆಗೆಯಬೇಕಾದದ್ದು ಬೇರೆ: ಕೆಮ್ಮು, ಫೋನಿನ ರಿಂಗು, ಎರಡೆರಡು ಸಲ ಕೇಳಿದ ಪ್ರಶ್ನೆ. ರೆಕಾರ್ಡ್ ಮಾಡುತ್ತಿರುವಾಗಲೇ ಕಂಟ್ರೋಲ್ ಎಂ ಒತ್ತಿದರೆ ಅಲ್ಲೊಂದು ಲೇಬಲ್ ಬೀಳುತ್ತದೆ. ಆಮೇಲೆ ಹುಡುಕುವ ಕೆಲಸವಿಲ್ಲ. ತೆಗೆದ ಜಾಗದಲ್ಲಿ ಬರೀ ಮೌನ ತುಂಬಿಸಿದರೆ ಕಿವಿಗೆ ಗುಂಡಿ ಬಿದ್ದಂತಾಗುತ್ತದೆ. ಶುರುವಿನಲ್ಲೇ ಅರ್ಧ ನಿಮಿಷ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿಟ್ಟು, ಅದರ ತುಣುಕನ್ನು ಅಲ್ಲಿ ಅಂಟಿಸಿ. ನಾಯ್ಸ್ ಪ್ರೊಫೈಲಿಗೂ ಅದೇ ಆಗುತ್ತದೆ.

ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್ ಹಾಕಿ ಮೈನಸ್ 16 ಲಫ್ಸ್‌ಗೆ ತನ್ನಿ (ಕಿವಿಗೆ ಒಟ್ಟಾರೆ ಎಷ್ಟು ಜೋರು ಅನಿಸುತ್ತದೆ ಅನ್ನುವ ಅಳತೆ ಅದು), ಮೇಲೊಂದು ಲಿಮಿಟರ್ ಮೈನಸ್ 1 ಡೆಸಿಬಲ್‌ಗೆ, ಶಿಖರ ಅದನ್ನು ದಾಟದ ಹಾಗೆ. ಬರೀ ಮಾತಾದರೆ ಮೋನೋ (ಒಂದೇ ಚಾನೆಲ್), 64 ಕೆಬಿಪಿಎಸ್ ಎಂಪಿ3 ಸಾಕು, ಅರ್ಧ ಗಂಟೆಗೆ ಸುಮಾರು 14 ಎಂಬಿ ಆಗುತ್ತದೆ. ಚೆಂಡೆ ಇದ್ದರೆ 128 ಇರಲಿ. ಪ್ರಾಜೆಕ್ಟ್ ಫೈಲು ಆಡಾಸಿಟಿಯಲ್ಲಿ ಮಾತ್ರ ತೆರೆಯುತ್ತದೆ, ಹಾಗಾಗಿ ಎಡಿಟ್ ಮಾಡದ ಮೂಲವನ್ನು ವೇವ್ ಫೈಲಾಗಿ ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಿ.