ಬಾಲದ ಬಣ್ಣ ಬೇರೆ ಅಂದಮಾತ್ರಕ್ಕೆ ಐದು ಹೆಸರು ಯಾಕೆ?

ಪ್ರಶ್ನೆ: ಅಮೆರಿಕದ ಫ್ಲೋರಿಡಾದ ಮರಳಿನಲ್ಲಿ ಬದುಕುವ ಮೋಲ್ ಸ್ಕಿಂಕ್ ಅನ್ನೋ ಹಾವುರಾಣಿ ಒಂದೇ ಪ್ರಭೇದ ಅಂತಾರೆ. ಆದರೆ ಅದರಲ್ಲಿ ಐದು ಉಪಪ್ರಭೇದ ಬೇರೆ ಇವೆಯಂತೆ. ಬಾಲದ ಬಣ್ಣ ಬೇರೆ, ಅಷ್ಟೇ ಅಲ್ವಾ? ಇಷ್ಟಕ್ಕೆ ಬೇರೆ ಬೇರೆ ಹೆಸರು ಬೇಕಾ?

ಬಣ್ಣವೊಂದೇ ಕಾರಣವಾಗಿದ್ದರೆ ಖಂಡಿತ ಬೇಕಿರಲಿಲ್ಲ. ನಮ್ಮಲ್ಲೇ ನೋಡಿ, ಹೂಕುಂಡದ ಅಡಿಯಲ್ಲೋ ತರಗೆಲೆ ರಾಶಿಯಲ್ಲೋ ಕೆಂಪು ಬಾಲದ ಪುಟ್ಟ ಹಾವುರಾಣಿ ಕಾಣಿಸುತ್ತದೆ. ಅದು ಬೇರೆ ಜಾತಿಯಲ್ಲ, ಮೈಮೇಲೆ ಸಣ್ಣ ಚುಕ್ಕೆಗಳಿರುವ ಹಾವುರಾಣಿಯ ಮರಿ. ಬೆಳೆದಂತೆ ಆ ಕೆಂಪು ಹೋಗುತ್ತದೆ. (ಅದಕ್ಕೆ ವಿಷ ಇಲ್ಲ, ಸುಮ್ನೆ ಹೊಡೆಯಬೇಡಿ.) ಮೋಲ್ ಸ್ಕಿಂಕ್ ವಿಷಯದಲ್ಲೂ ಬಾಲವನ್ನೇ ನಂಬಿದರೆ ಮೋಸ ಹೋಗ್ತೀವಿ. ನೀಲಿ ಬಾಲದ್ದು ಅಂತಲೇ ಹೆಸರಾದ ಉಪಪ್ರಭೇದದಲ್ಲಿ ಮರಿಯ ಬಾಲ ಹೊಳೆಯುವ ನೀಲಿ. ವಯಸ್ಸಾದಂತೆ ಅದು ಗುಲಾಬಿಗೆ ತಿರುಗುತ್ತದೆ. ಶತ್ರುವಿನ ಬಾಯಿಗೆ ಬಾಲ ಬಿಟ್ಟು ಓಡಿದರೆ, ಆಮೇಲೆ ಬೆಳೆಯುವ ಹೊಸ ಬಾಲವೂ ಸಾಮಾನ್ಯವಾಗಿ ಗುಲಾಬಿಯೇ. ಪೆನಿನ್ಸುಲಾ ಉಪಪ್ರಭೇದದಲ್ಲಂತೂ ಕೆಂಪು, ಕಿತ್ತಳೆ, ಹಳದಿ, ಕಂದು, ತಿಳಿ ನೇರಳೆ ಎಲ್ಲವೂ ಉಂಟು.

ಪ್ರಾಣಿಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಉತ್ತರ ಸಲೀಸಾಗುತ್ತದೆ. ಬಾಲ ಸೇರಿ 9ರಿಂದ 16 ಸೆಂ.ಮೀ. ಉದ್ದ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ. ತೆಳ್ಳಗಿನ ಮೈ, ಎಣ್ಣೆ ಹಚ್ಚಿದ ಹಾಗೆ ನುಣುಪು. ನಾಲ್ಕೂ ಕಾಲಿಗೆ ಐದೈದು ಬೆರಳಿವೆ, ಆದರೆ ಕಾಲುಗಳು ತೀರಾ ಗಿಡ್ಡ. ಸಡಿಲ ಮರಳು ಸಿಕ್ಕರೆ ಮೈ ಬಳುಕಿಸುತ್ತಾ ಒಳಗೆ ನುಗ್ಗಿಬಿಡುತ್ತದೆ. ಅದೇ ಮರಳಿನಲ್ಲಿರುವ ಸ್ಯಾಂಡ್ ಸ್ಕಿಂಕ್ ಇನ್ನೂ ಮುಂದೆ ಹೋಗಿದೆ, ಅದರ ಮುಂಗಾಲಿಗೆ ಒಂದೇ ಬೆರಳು, ಹಿಂಗಾಲಿಗೆ ಎರಡು, ಅದು ಆಹಾರ ಹುಡುಕುವುದೂ ಮರಳಿನ ಒಳಗೇ. ಮೋಲ್ ಸ್ಕಿಂಕ್ ಅಷ್ಟು ಆಳದ ಜೀವಿಯಲ್ಲ. ತರಗೆಲೆ ಅಡಿಯಲ್ಲಿ, ಮರಳಿನ ಮೇಲ್ಪದರದಲ್ಲಿ ಜಿರಳೆ, ಜೇಡ, ಸಣ್ಣಪುಟ್ಟ ಹುಳು ಹಿಡಿದು ತಿನ್ನುತ್ತದೆ. ಗೋಫರ್ ಅನ್ನುವ ಇಲಿಯಂಥ ಪ್ರಾಣಿ ಬಿಲ ತೋಡಿ ಹೊರಗೆ ಹಾಕಿದ ಮಣ್ಣಿನ ಗುಡ್ಡೆ ಇದಕ್ಕೆ ತುಂಬಾ ಇಷ್ಟ. ಬಿಸಿಲಿಗೆ ಕಾದ ಆ ಗುಡ್ಡೆಯೊಳಗೆ ಸೇರಿಕೊಂಡರೆ ಹೊರಗೆ ತಲೆ ಹಾಕದೆಯೇ ಮೈ ಬೆಚ್ಚಗಾಗುತ್ತದೆ. ಹೆಣ್ಣು ನೆಲದೊಳಗೆ ಗೂಡು ಮಾಡಿ ಸಾಮಾನ್ಯವಾಗಿ 3ರಿಂದ 7 ಮೊಟ್ಟೆ ಇಟ್ಟು, ಅಲ್ಲೇ ಇದ್ದು ಕಾಯುತ್ತದೆ.

ಅಂದರೆ ಒಣಗಿದ, ಸಡಿಲವಾದ ಮರಳು ಇಲ್ಲದ ಕಡೆ ಇದಕ್ಕೆ ಬದುಕಿಲ್ಲ. ಐದು ಹೆಸರಿನ ಕಥೆ ಶುರುವಾಗುವುದು ಇಲ್ಲಿಂದಲೇ. ಫ್ಲೋರಿಡಾದ ಮಧ್ಯದಲ್ಲಿ ಲೇಕ್ ವೇಲ್ಸ್ ರಿಡ್ಜ್ ಅಂತ 150 ಕಿ.ಮೀ.ಗಿಂತ ಉದ್ದದ, ಅಗಲ ಕಡಿಮೆ ಇರುವ ಮರಳು ದಿಬ್ಬದ ಸಾಲು ಇದೆ. ಬಹಳ ಹಿಂದೆ ಸಮುದ್ರ ಈಗಿಗಿಂತ ಮೇಲಿದ್ದಾಗ ಸುತ್ತಲಿನ ತಗ್ಗೆಲ್ಲ ಮುಳುಗಿ, ಈ ದಿಬ್ಬಗಳು ಮಾತ್ರ ದ್ವೀಪಗಳಾಗಿ ನಿಂತಿದ್ದವು. ಆಮೇಲೆ ನೀರು ಇಳಿಯಿತು. ಆದರೂ ಮರಳಿನ ಈ ಪುಟ್ಟ ಜೀವಿಗೆ ಸುತ್ತಲಿನ ಒದ್ದೆ ತಗ್ಗು ದಾಟುವುದು ಸುಲಭವಲ್ಲ. ನೀಲಿ ಬಾಲದ ಉಪಪ್ರಭೇದ ಇರುವುದು ಈ ದಿಬ್ಬದ ಸಾಲಿನಲ್ಲಿ, ಹೈಲ್ಯಾಂಡ್ಸ್, ಪೋಕ್ ಮತ್ತು ಆಸಿಯೋಲಾ ಕೌಂಟಿಗಳಲ್ಲಿ (ಅಲ್ಲಿನ ಜಿಲ್ಲೆಗಳು) ಮಾತ್ರ. ಇನ್ನೊಂದು ಪಶ್ಚಿಮ ಕರಾವಳಿಯ ಸೀಡರ್ ಕೀ ದ್ವೀಪಗಳಲ್ಲಿದೆ, ಮತ್ತೊಂದು ದಕ್ಷಿಣ ತುದಿಯ ದ್ವೀಪಸಾಲು ಫ್ಲೋರಿಡಾ ಕೀಸ್‌ನಲ್ಲಿ. ಉಳಿದ ಎರಡಕ್ಕೆ ಜಾಗ ದೊಡ್ಡದು: ಒಂದು (ಮೇಲೆ ಹೇಳಿದ ಪೆನಿನ್ಸುಲಾ) ಫ್ಲೋರಿಡಾ ಪರ್ಯಾಯ ದ್ವೀಪದ ಉದ್ದಕ್ಕೂ, ಇನ್ನೊಂದು ಉತ್ತರ ಫ್ಲೋರಿಡಾದಿಂದ ಜಾರ್ಜಿಯಾ, ಅಲಬಾಮಾವರೆಗೆ.

1965ರಲ್ಲಿ ಸರೀಸೃಪ ತಜ್ಞ ರಾಬರ್ಟ್ ಮೌಂಟ್ ಇವನ್ನೆಲ್ಲ ಹೋಲಿಸಿ ನೋಡಿ ನೀಲಿ ಬಾಲದ್ದಕ್ಕೂ ಸೀಡರ್ ಕೀಯದ್ದಕ್ಕೂ ಉಪಪ್ರಭೇದದ ಹೆಸರು ಕೊಟ್ಟರು. ಬೇರೆ ಮಾಡಲು ನೋಡುವುದು ಬಣ್ಣ ಮಾತ್ರವಲ್ಲ. ಮೈ ಸುತ್ತ ಎಷ್ಟು ಸಾಲು ಹುರುಪೆ, ಬೆನ್ನಿನ ತಿಳಿ ಪಟ್ಟೆ ಎಲ್ಲಿವರೆಗೆ ಹೋಗುತ್ತದೆ, ಹೋಗುತ್ತಾ ಅಗಲವಾಗುತ್ತದಾ, ಮೇಲ್ದುಟಿಯಲ್ಲಿ ಎಷ್ಟು ಹುರುಪೆ, ಹೀಗೆ. ಉತ್ತರದ್ದಕ್ಕೆ ತುಟಿಯ ಒಂದೊಂದು ಬದಿಗೆ ಸಾಮಾನ್ಯವಾಗಿ 6, ಉಳಿದವಕ್ಕೆ 7. ಇಷ್ಟು ವ್ಯತ್ಯಾಸ ಇದ್ದೂ ಬೇರೆ ಪ್ರಭೇದ ಅನ್ನದಿರಲು ಕಾರಣವಿದೆ. ಎರಡು ಉಪಪ್ರಭೇದಗಳ ನೆಲೆ ಸೇರುವ ಕಡೆ ಅವು ಕೂಡುತ್ತವೆ, ಎರಡರ ಲಕ್ಷಣವೂ ಬೆರೆತ ಹಾವುರಾಣಿಗಳು ಅಲ್ಲಿ ಸಿಗುತ್ತವೆ.

ಸರಿ, ಹೆಸರಿನಿಂದ ಏನು ಉಪಯೋಗ? ತುಂಬಾ ಇದೆ. ಅಮೆರಿಕದ 1973ರ ಅಳಿವಿನಂಚಿನ ಜೀವಿಗಳ ಕಾಯ್ದೆ ಇಡೀ ಪ್ರಭೇದವನ್ನಷ್ಟೇ ಅಲ್ಲ, ಉಪಪ್ರಭೇದವನ್ನೂ ಪ್ರತ್ಯೇಕವಾಗಿ ರಕ್ಷಿಸಲು ಅವಕಾಶ ಕೊಡುತ್ತದೆ. ಇಡೀ ಮೋಲ್ ಸ್ಕಿಂಕ್ ಪ್ರಭೇದ ಅಪಾಯದಲ್ಲಿಲ್ಲ, ಹಾಗಾಗಿ ಬೇರೆ ಹೆಸರು ಇರದಿದ್ದರೆ ದಿಬ್ಬದ ನೀಲಿ ಬಾಲದ್ದನ್ನು ಯಾರೂ ಗಮನಿಸುತ್ತಲೇ ಇರಲಿಲ್ಲವೇನೋ. 1987ರಲ್ಲಿ ಅದು ರಕ್ಷಣೆಯ ಪಟ್ಟಿ ಸೇರಿತು. ಅಷ್ಟರಲ್ಲಿ ದಿಬ್ಬದ ಬಹುಪಾಲು ಕುರುಚಲು ಕಾಡು ಹೋಗಿಯಾಗಿತ್ತು. ನೀರು ಬಸಿದು ಹೋಗುವ ಎತ್ತರದ ಮರಳು ನೆಲ ಕಿತ್ತಳೆ ತೋಟಕ್ಕೂ ಹೇಳಿಮಾಡಿಸಿದ್ದು, ಮನೆ ಕಟ್ಟೋರಿಗೂ ಇಷ್ಟ. ಉಳಿದ ಕಾಡಿಗೂ ಆರೈಕೆ ಬೇಕು. ಹಿಂದೆ ಸಿಡಿಲಿನ ಬೆಂಕಿಗೆ ಪೊದೆ ಸುಟ್ಟು ಅಲ್ಲಲ್ಲಿ ಬಯಲು ಮರಳು ಉಳಿಯುತ್ತಿತ್ತು. ಈಗ ಬೆಂಕಿ ಬೀಳದೆ ಬೇರುಗಳು ಮರಳನ್ನು ಹಿಡಿದುಬಿಟ್ಟರೆ ಇವು ಒಳಗೆ ನುಗ್ಗೋದು ಹೇಗೆ? ಅದಕ್ಕೇ ಆರ್ಚ್‌ಬೋಲ್ಡ್ ಜೀವವಿಜ್ಞಾನ ಕೇಂದ್ರದಂಥ ಕಡೆ ಕಾಡಿಗೆ ಅಳತೆಯಲ್ಲಿ ಬೆಂಕಿ ಕೊಡುತ್ತಾರೆ.

ಆದರೆ ಇದೇ ಮದ್ದು ಫ್ಲೋರಿಡಾ ಕೀಸ್‌ನ ಉಪಪ್ರಭೇದಕ್ಕೆ ಆಗುವುದಿಲ್ಲ. ಅದು ಬದುಕುವುದು ದಡದ ಮರಳಿನಲ್ಲಿ, ಅಲೆ ತಂದು ಹಾಕಿದ ಕಸದ ಅಡಿಯಲ್ಲಿ. ಅಲ್ಲಿನ ದೊಡ್ಡ ಚಿಂತೆ ಏರುತ್ತಿರುವ ಸಮುದ್ರ.