ಬಾಟಲಿಯ ಮೇಲಿನ ವಿಳಾಸ

ನಾಲ್ಕು ವರ್ಷದ ಹಿಂದಿನ ಮಾತು. ಸಿರ್ಸಿ ಹತ್ತಿರದ ನಮ್ಮೂರ ಮನೆಯ ಜಗಲಿಯಲ್ಲಿ ಕೂತು ನಾನು, ತಂಗಿ ಇಬ್ಬರೂ ಉಪ್ಪಿನಕಾಯಿ ಬಾಟಲಿಗಳ ಲೇಬಲ್ ಕೆರೆಯುತ್ತಿದ್ದೆವು. ತುಂಬಿದ ಬಾಟಲಿ, ನೀರಲ್ಲಿ ಮುಳುಗಿಸುವ ಹಾಗಿಲ್ಲ. ಬಿಸಿನೀರಿನ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಬಿಟ್ಟು, ಚಮಚದ ಹಿಡಿಯಿಂದ ಕೆರೆದು, ಅಂಟು ಉಳಿದ ಕಡೆ ಕೊಬ್ಬರಿ ಎಣ್ಣೆ ಸವರಿ ಒರೆಸಬೇಕು. ಮುನ್ನೂರು ಬಾಟಲಿ. ನೂರು ಮುಗಿಯುವ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದೆವು.

ಆಗಿದ್ದು ಇಷ್ಟೇ. ತಂಗಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಅದಕ್ಕೆಂದು ನಾನು ಒಂದು ಉಚಿತ ಸೇವೆಯಲ್ಲಿ ಬ್ಲಾಗ್ ಮಾಡಿಕೊಟ್ಟಿದ್ದೆ. ಯಾವ ಸೇವೆ ಅನ್ನೋದು ಬೇಡ ಬಿಡಿ. ಪ್ರತಿ ಬರಹದ ಕೊನೆಗೂ ಅದೇ ಫೋನ್ ನಂಬರು, ಅದೇ ಆರ್ಡರ್ ಲಿಂಕು. ಮನುಷ್ಯರಿಗೆ ಇದು ಸಹಜ, ಯಂತ್ರಕ್ಕೆ ಅನುಮಾನ. ಒಂದು ಬೆಳಿಗ್ಗೆ ನೋಡಿದರೆ ಬ್ಲಾಗ್ ಸ್ಪ್ಯಾಮ್ ಅಂತ ಮುಚ್ಚಿಹೋಗಿತ್ತು. ಮನವಿ ಫಾರಂ ತುಂಬಿದೆವು. ಉತ್ತರ ಬರಲಿಲ್ಲ. ಅಷ್ಟರಲ್ಲಿ ಆ ಬ್ಲಾಗಿನ ಕ್ಯೂಆರ್ ಕೋಡ್ ಲೇಬಲ್ ಮೇಲೆ ಅಚ್ಚಾಗಿ, ಬಾಟಲಿಗೆ ಅಂಟಿ, ಅಟ್ಟದ ಮೇಲೆ ಸಾಲಾಗಿ ಕೂತಿತ್ತು.

ಕ್ಯೂಆರ್ ಕೋಡ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೋ ವೇವ್ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಕಾರ್ಖಾನೆ ಅಂದಮೇಲೆ ಗ್ರೀಸು, ಧೂಳು ಎಲ್ಲಾ ಇರುತ್ತದಲ್ವಾ, ಅದಕ್ಕೇ ಕೋಡಿನ ಒಂದಷ್ಟು ಭಾಗ ಮಾಸಿದರೂ ಉಳಿದದ್ದರಿಂದ ಲೆಕ್ಕ ಹಾಕಿ ಪೂರ್ತಿ ಓದಿಕೊಳ್ಳುವ ಗಣಿತವನ್ನು ಒಳಗೇ ಇಟ್ಟಿದ್ದಾರೆ. ಅತಿ ಗಟ್ಟಿ ಮಟ್ಟದಲ್ಲಿ ಸುಮಾರು 30 ಶೇಕಡಾ ಹಾಳಾದರೂ ನಡೆಯುತ್ತದೆ. ಉಪ್ಪಿನಕಾಯಿ ಎಣ್ಣೆ ಮೆತ್ತಿದ ಲೇಬಲ್ಲೂ ಸ್ಕ್ಯಾನ್ ಆಗುವುದು ಈ ಕಾರಣಕ್ಕೆ. ಆದರೆ ಆ ಕಪ್ಪು ಬಿಳಿ ಚೌಕಗಳಲ್ಲಿ ಇರುವುದು ವಿಳಾಸದ ಅಕ್ಷರಗಳೇ, ಬೇರೇನಲ್ಲ. ಎಣ್ಣೆ ಕಲೆಯನ್ನು ಅದು ತಿದ್ದಿಕೊಳ್ಳುತ್ತದೆ. ಸತ್ತ ವಿಳಾಸವನ್ನು ಹೇಗೆ ತಿದ್ದೀತು?

ತಮ್ಮ ಸರಕು ಮಾರಲು ಬ್ಲಾಗ್ ಶುರು ಮಾಡುವವರು ಮೊದಲು ಕೇಳುವ ಪ್ರಶ್ನೆ ಒಂದೇ. ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್ ಡಾಟ್ ಕಾಮ್ ಥರದ ರೆಡಿಮೇಡ್ ಜಾಗದಲ್ಲಿ ಬರೆಯೋಣವಾ, ಅಥವಾ ಸ್ವಂತ ಹೋಸ್ಟಿಂಗ್, ಅಂದರೆ ತಾಣ ಇಡುವುದಕ್ಕೆ ಕಂಪ್ಯೂಟರಿನಲ್ಲಿ ಜಾಗ, ತಗೊಂಡು ನಾವೇ ಕಟ್ಟಿಕೊಳ್ಳೋಣವಾ? ಬಾಡಿಗೆ ಮನೆಯೋ ಸ್ವಂತ ಮನೆಯೋ ಅಂತ ಎಲ್ಲರೂ ಹೋಲಿಕೆ ಕೊಡುತ್ತಾರೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಸ್ವಂತ ಅಂತ ಕರೆಯುವ ಹೋಸ್ಟಿಂಗಿನಲ್ಲೂ ಕಂಪ್ಯೂಟರು ಯಾರದ್ದೋ, ತಿಂಗಳ ದುಡ್ಡು ಕಟ್ಟದಿದ್ದರೆ ಅವರೂ ಬಾಗಿಲು ಹಾಕುತ್ತಾರೆ. ಎರಡೂ ಬಾಡಿಗೆಯೇ. ಒಂದರಲ್ಲಿ ಯಜಮಾನ ಗುಡಿಸಿ ಸಾರಿಸಿ ಕೊಡುತ್ತಾನೆ, ಇನ್ನೊಂದರಲ್ಲಿ ಸೋರುವ ಸೂರನ್ನೂ ನಾವೇ ನೋಡಿಕೊಳ್ಳಬೇಕು.

ಸೋರುವ ಸೂರು ಹೇಗಿರುತ್ತದೆ ಅಂತ ಮುಂದಿನ ವರ್ಷವೇ ಗೊತ್ತಾಯಿತು.

ಮುಚ್ಚಿಹೋದ ಬ್ಲಾಗಿನ ಸಿಟ್ಟಿನಲ್ಲಿ ನಾನು ಒಂದು ಸಣ್ಣ ಸರ್ವರ್, ಅಂದರೆ ತಾಣ ಇಡುವ ಕಂಪ್ಯೂಟರ್, ಬಾಡಿಗೆಗೆ ಹಿಡಿದು ವರ್ಡ್‌ಪ್ರೆಸ್ ಹಾಕಿದೆ. ಇಲ್ಲೊಂದು ಗೊಂದಲ ಬಿಡಿಸಬೇಕು. ವರ್ಡ್‌ಪ್ರೆಸ್ ಅನ್ನುವುದು 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್, ಮೈಕ್ ಲಿಟಲ್ ಇಬ್ಬರೂ ಶುರು ಮಾಡಿದ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನುವುದು ಅದೇ ತಂತ್ರಾಂಶವನ್ನು ಸೇವೆಯಾಗಿ ಕೊಡುವ ಜಾಗ. ಹೆಸರು ಒಂದೇ, ಜವಾಬ್ದಾರಿ ಬೇರೆ. ಡಾಟ್ ಕಾಮ್‌ನ ಉಚಿತ ಪ್ಲಾನಿನಲ್ಲಿ ಅವರ ಜಾಹೀರಾತೂ ಬರುತ್ತದೆ. ನಿಮ್ಮ ಉಪ್ಪಿನಕಾಯಿಯ ಕೆಳಗೆ ಇನ್ಯಾರದ್ದೋ ಸಾಸಿವೆ ಎಣ್ಣೆ!

ಸ್ವಂತ ಸರ್ವರಿನಲ್ಲಿ ಜಾಹೀರಾತಿನ ಕಾಟ ಇಲ್ಲ. ಆದರೆ ಸರ್ವರಿನ ಲಾಗ್ ಫೈಲ್ ತೆಗೆದು ನೋಡಿದವತ್ತು ನನಗೆ ನಿದ್ದೆ ಬರಲಿಲ್ಲ. ಲಾಗ್ ಅಂದರೆ ಯಾರ್ಯಾರು ಬಂದು ಯಾವ ಪುಟ ಕೇಳಿದರು ಅನ್ನುವ ದಿನಚರಿ. ಗಿರಾಕಿಗಳು ಬೆರಳೆಣಿಕೆ. ಉಳಿದದ್ದೆಲ್ಲ ಲಾಗಿನ್ ಪುಟದ ಬಾಗಿಲು ಬಡಿಯುವ ಬಾಟ್‌ಗಳು, ಒಂದರ ಹಿಂದೊಂದು, ರಾತ್ರಿಯಿಡೀ. ಯಾರಿಗೂ ನಮ್ಮ ಮೇಲೆ ಹಗೆ ಇಲ್ಲ. ಇಂಟರ್ನೆಟ್ಟಿನ ವಿಳಾಸಗಳನ್ನು ಸಾಲಾಗಿ ತಟ್ಟುತ್ತಾ ಹೋಗುವ ಪ್ರೋಗ್ರಾಮುಗಳವು. ತೆಂಗಿನಕಾಯಿ ಕದಿಯುವವನು ತೋಟದ ಯಜಮಾನನ ಹೆಸರು ಕೇಳುತ್ತಾನೆಯೇ?

ಒಂದು ಹಳೇ ಪ್ಲಗಿನ್, ಅಂದರೆ ವರ್ಡ್‌ಪ್ರೆಸ್‌ಗೆ ಜೋಡಿಸುವ ಸಣ್ಣ ತಂತ್ರಾಂಶ, ಅಪ್‌ಡೇಟ್ ಮಾಡದೆ ಬಿಟ್ಟಿದ್ದೆ. ತಪ್ಪು ನನ್ನದೇ. ಕೆಲವು ವಾರದ ಮೇಲೆ ಮುಂಬೈಯ ಗಿರಾಕಿಯೊಬ್ಬರು ಫೋನ್ ಮಾಡಿ, ನಗು ತಡೆದುಕೊಂಡೇ, "ನೀವು ಉಪ್ಪಿನಕಾಯಿ ಜೊತೆ ಗುಳಿಗೆನೂ ಮಾರ್ತೀರಾ?" ಅಂದರು. ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಪುಟದ ಹೆಸರಿನ ಕೆಳಗೆ ಗಂಡಸರ ಮಾತ್ರೆಗಳ ಜಾಹೀರಾತು! ನಾನು ತಾಣ ತೆರೆದು ನೋಡಿದರೆ ಎಲ್ಲಾ ಸರಿಯಾಗಿದೆ, ಮಿಡಿ, ಬಾಟಲಿ, ತಂಗಿಯ ಫೋಟೋ. ಇದರ ಚಮತ್ಕಾರ ಹೀಗೆ. ಬ್ರೌಸರೋ, ಹುಡುಕುಯಂತ್ರದ ಬಾಟೋ, ಪುಟ ಕೇಳುವಾಗ ತಾನು ಯಾರು ಅಂತ ಒಂದು ಸಾಲಿನಲ್ಲಿ ಹೇಳಿಕೊಳ್ಳುತ್ತದೆ. ನುಸುಳಿದ ಕೋಡ್ ಆ ಸಾಲು ಓದಿ, ಬಂದದ್ದು ಗೂಗಲ್ ಆದರೆ ಮಾತ್ರೆಯ ಪುಟ, ಮನುಷ್ಯರಾದರೆ ಅಸಲಿ ಪುಟ ಕೊಡುತ್ತದೆ. ಯಾಕೆ ಅಂದರೆ ಒಂದು ತಾಣ ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು, ಅಂದರೆ ಲಿಂಕನ್ನು, ಗೂಗಲ್ ಮತದ ಹಾಗೆ ಎಣಿಸುತ್ತದೆ. 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇದೇ ಲೆಕ್ಕದ ಮೇಲೆ ಗೂಗಲ್ ಕಟ್ಟಿದ್ದು. ನಮ್ಮ ಉಪ್ಪಿನಕಾಯಿ ತಾಣದ ಮತವನ್ನು ಯಾರೋ ಕದ್ದು ತಮ್ಮ ಮಾತ್ರೆಗೆ ಹಾಕಿಸಿಕೊಂಡಿದ್ದರು.

ಅದನ್ನು ತೊಳೆದು ಮುಗಿಸುವಷ್ಟರಲ್ಲಿ ಇನ್ನೊಂದು. ವರ್ಡ್‌ಪ್ರೆಸ್ ಪುಟವನ್ನು ಮೊದಲೇ ಮಾಡಿಟ್ಟಿರುವುದಿಲ್ಲ. ಯಾರಾದರೂ ಬಂದು ಕೇಳಿದಾಗ ಡೇಟಾಬೇಸಿಗೆ ಹೋಗಿ ಬರಹ ತಂದು, ಜೋಡಿಸಿ, ಬಡಿಸುತ್ತದೆ. ಕರೆದಾಗಲೆಲ್ಲ ಹೊಸದಾಗಿ ದೋಸೆ ಹೊಯ್ದ ಹಾಗೆ. ಹತ್ತು ಜನಕ್ಕೆ ಸರಿ. ಯಾರೋ ಇನ್‌ಸ್ಟಾಗ್ರಾಮಿನಲ್ಲಿ ನಮ್ಮ ಮಿಡಿಯನ್ನು ಹೊಗಳಿದ ಭಾನುವಾರ ಸಾವಿರ ಜನ ಒಟ್ಟಿಗೆ ನುಗ್ಗಿದರು, ಸಣ್ಣ ಸರ್ವರಿನ ಮೆಮೊರಿ ತುಂಬಿ ಡೇಟಾಬೇಸ್ ಮಲಗಿಬಿಟ್ಟಿತು. 'ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್' ಅನ್ನುವ ದಪ್ಪಕ್ಷರದ ಸಾಲು, ವರ್ಡ್‌ಪ್ರೆಸ್ ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ನೋಡಿರುವಂಥದ್ದು, ನಮ್ಮ ಅತ್ಯುತ್ತಮ ವ್ಯಾಪಾರದ ದಿನ ನಾಲ್ಕು ತಾಸು ನಿಂತಿತ್ತು. ಮಾಡಿದ ಪುಟದ ಪ್ರತಿಯನ್ನು ಎತ್ತಿಟ್ಟು ಕೊಡುವ ಕ್ಯಾಶಿಂಗ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಗೊತ್ತಿತ್ತು, ಹಾಕಿರಲಿಲ್ಲ.

ಹಾಗಾದರೆ ಉಚಿತ ಬ್ಲಾಗೇ ವಾಸಿಯಾ? ಹಾಗೂ ಅಲ್ಲ. ನಮ್ಮ ಎರಡು ಅವಾಂತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯ ಸಲ ತಾಣ ಹಾಳಾಯಿತು, ಆದರೆ ಯಾವ ಲೇಬಲ್ಲನ್ನೂ ಕೆರೆಯಬೇಕಾಗಲಿಲ್ಲ. ಯಾಕೆಂದರೆ ಸ್ವಂತ ಹೋಸ್ಟಿಂಗ್ ಜೊತೆ, ಹೆಚ್ಚು ಯೋಚನೆ ಮಾಡದೆ, ಡಾಟ್ ಇನ್ ಡೊಮೈನ್ ಒಂದನ್ನು, ಅಂದರೆ ತಾಣಕ್ಕೆ ನಮ್ಮದೇ ಒಂದು ಹೆಸರನ್ನು, ವರ್ಷಕ್ಕೆ ಸಾವಿರದ ಆಸುಪಾಸು ಕೊಟ್ಟು ಕೊಂಡಿದ್ದೆ. ಬಾಟಲಿ ಮೇಲೆ ಅಚ್ಚಾಗಿದ್ದದ್ದು ಅದೇ. ನಮ್ಮನ್ನು ಉಳಿಸಿದ್ದು ಹೋಸ್ಟಿಂಗ್ ಅಲ್ಲ, ಆ ಹೆಸರು.

ಮೊಬೈಲ್ ನಂಬರ್ ಪೋರ್ಟಬಿಲಿಟಿ ನೆನಪಿದೆಯಲ್ವಾ? 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂತು. ಅದಕ್ಕೆ ಮುಂಚೆ ಕಂಪನಿ ಬಿಟ್ಟರೆ ನಂಬರೂ ಹೋಗುತ್ತಿತ್ತು, ನೆಂಟರಿಷ್ಟರಿಗೆಲ್ಲ ಹೊಸ ನಂಬರ್ ಹೇಳಿಕೊಂಡು ತಿರುಗಬೇಕಿತ್ತು. ಈಗ ಸಿಮ್ ಯಾರದ್ದಾದರೂ ನಂಬರ್ ನಮ್ಮದು. ಬ್ಲಾಗಿನ ಪ್ರಪಂಚದಲ್ಲಿ ಈ ಸೌಲಭ್ಯ ಅದಕ್ಕೂ ಎಷ್ಟೋ ಮೊದಲೇ ಇತ್ತು. ಇಂಟರ್ನೆಟ್ಟಿನ ಶುರುವಿನ ದಿನಗಳಲ್ಲಿ ಯಾವ ಹೆಸರು ಯಾವ ಕಂಪ್ಯೂಟರಿನದ್ದು ಅನ್ನುವ ಪಟ್ಟಿ ಒಂದೇ ಒಂದು ಫೈಲಿನಲ್ಲಿತ್ತು. ಅಮೆರಿಕದ ಸ್ಟ್ಯಾನ್‌ಫೋರ್ಡ್ ಸಂಶೋಧನಾ ಸಂಸ್ಥೆ ಅದನ್ನು ಇಟ್ಟುಕೊಂಡಿತ್ತು, ಎಲ್ಲರೂ ಅಲ್ಲಿಂದ ನಕಲು ಮಾಡಿಕೊಳ್ಳುತ್ತಿದ್ದರು. ಪಟ್ಟಿ ಬೆಳೆದು ಕೈಗೆ ಸಿಗದಂತಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್ಎಸ್ ಅನ್ನುವ ವ್ಯವಸ್ಥೆ ರೂಪಿಸಿದರು. ಹೆಸರು ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ, ನಡುವೆ ಬೇಕಾದಾಗ ಬದಲಿಸಬಹುದಾದ ಒಂದು ಸಾಲು. ಇವತ್ತು ಆ ಸಾಲು ಬ್ಲಾಗರ್ (ಬ್ಲಾಗ್‌ಸ್ಪಾಟ್ ನಡೆಸುವ ಗೂಗಲ್ ಸೇವೆ) ಕಡೆ ತೋರಿಸಲಿ, ನಾಳೆ ನಮ್ಮ ಸರ್ವರ್ ಕಡೆ ತೋರಿಸಲಿ, ಲೇಬಲ್ ಸ್ಕ್ಯಾನ್ ಮಾಡಿದವರಿಗೆ ಗೊತ್ತೇ ಆಗುವುದಿಲ್ಲ.

ಸಾಲು ಬದಲಿಸಿದ ಕೂಡಲೇ ಎಲ್ಲರಿಗೂ ಬದಲಾಗುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ. ಹಳೇ ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅಂತ ಆ ಸಾಲಿನ ಜೊತೆಗೇ ಸೆಕೆಂಡಿನಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ 86,400 ಅಂತಿತ್ತು, ಅಂದರೆ ಪೂರ್ತಿ ಒಂದು ದಿನ. ಬೆಂಗಳೂರಿನಲ್ಲಿ ನನ್ನ ಫೋನಿನಲ್ಲಿ ಹೊಸ ತಾಣ, ಊರಲ್ಲಿ ತಂಗಿಯ ಫೋನಿನಲ್ಲಿ ಹಳೇದು. "ನೀ ಏನೂ ಮಾಡ್ಲೇ ಇಲ್ಲ" ಅಂತ ಅವಳು, ಮಾಡಿದ್ದೇನೆ ಅಂತ ನಾನು, ಸಂಜೆವರೆಗೂ ಜಗಳ. ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಹೆಸರು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ನಮ್ಮ ಕಥೆಯೇ ಬೇಕಿಲ್ಲ. 2012ರಿಂದ ಗೂಗಲ್ ಭಾರತದ ಓದುಗರನ್ನು ಬ್ಲಾಗ್‌ಸ್ಪಾಟ್ ಡಾಟ್ ಇನ್ ವಿಳಾಸಕ್ಕೆ ತಿರುಗಿಸುತ್ತಿತ್ತು. ಬ್ಲಾಗ್ ಇರುವುದು ಡಾಟ್ ಕಾಮ್‌ನಲ್ಲಿ, ಆದರೆ ಬ್ರೌಸರಿನಲ್ಲಿ ಕಾಣುವುದು ಡಾಟ್ ಇನ್. ಜನ ಅದನ್ನೇ ನಕಲು ಮಾಡಿ ಹಂಚಿದರು. 2020ರಲ್ಲಿ ಆ ಡಾಟ್ ಇನ್ ಹೆಸರು ಗೂಗಲ್ ಕೈತಪ್ಪಿ ಇನ್ಯಾರದ್ದೋ ಪಾಲಾಯಿತು. ಬ್ಲಾಗುಗಳು ಎಲ್ಲೂ ಹೋಗಲಿಲ್ಲ, ಹಂಚಿದ ಕೊಂಡಿಗಳು ಸತ್ತವು. ಜನ ಉಚಿತವಾಗಿ ತಾಣ ಮಾಡಿಕೊಳ್ಳುತ್ತಿದ್ದ ಜಿಯೋಸಿಟೀಸ್ ಅನ್ನು 1999ರಲ್ಲಿ ಕೊಂಡ ಯಾಹೂ 2009ರಲ್ಲಿ ಅದನ್ನು ಮುಚ್ಚಿತು. ಟೈಪ್‌ಪ್ಯಾಡ್ ಅನ್ನುವ ಬ್ಲಾಗ್ ಸೇವೆ 2003ರಿಂದ ನಡೆದು 2025ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು, ಅದೂ ದುಡ್ಡು ಕೊಟ್ಟು ಬಳಸುವಂಥದ್ದು.

ಡೊಮೈನ್ ಕೊಂಡರೆ ಸಾಲದು, ಅದರ ಮುಂದಿನ ಬಾಲ, ಅಂದರೆ ಶೀರ್ಷಿಕೆಯಿಂದ ಹುಟ್ಟುವ ಒಂದೊಂದು ಬರಹದ ವಿಳಾಸವೂ ಮುಖ್ಯ. ಕನ್ನಡದಲ್ಲಿ ಬರೆಯುವವರಿಗೆ ಇದು ಜಾಸ್ತಿ ಕಾಡುತ್ತದೆ. ಬ್ಲಾಗರ್‌ನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಆ ಅಕ್ಷರಗಳನ್ನೆಲ್ಲ ಬಿಟ್ಟು 'ಬ್ಲಾಗ್-ಪೋಸ್ಟ್' ಅಂತ ಹಾಕಿ ಪಕ್ಕಕ್ಕೊಂದು ಅಂಕಿ ಅಂಟಿಸುತ್ತದೆ. ಕನ್ನಡ ಬ್ಲಾಗಿಗರಿಗೆ ಇದು ಚೆನ್ನಾಗಿ ಗೊತ್ತು. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ಬೇರೆ ವೇಷದಲ್ಲಿ. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್, ಒಂದೊಂದು ಬೈಟ್ ವಿಳಾಸದಲ್ಲಿ ಶೇಕಡಾ ಗುರುತು ಸೇರಿ ಮೂರು ಅಕ್ಷರ. 'ಉಪ್ಪಿನಕಾಯಿ' ಬಿಡಿಸಿದರೆ ಒತ್ತು, ಗುಣಿತ ಎಲ್ಲಾ ಸೇರಿ ಹತ್ತು ಚಿಹ್ನೆ, ಅಂದರೆ ಒಂದೇ ಪದಕ್ಕೆ 90 ಅಕ್ಷರ. ಡೇಟಾಬೇಸಿನಲ್ಲಿ ಇದಕ್ಕೆ ಇಟ್ಟಿರುವ ಜಾಗ 200. ಹಾಗಾಗಿ ಇಪ್ಪತ್ತೆರಡು ಚಿಹ್ನೆ ದಾಟಿದರೆ ಶೀರ್ಷಿಕೆಯ ಬಾಲ ಕತ್ತರಿ. ವಾಟ್ಸಾಪಿನಲ್ಲಿ ಆ ಉದ್ದನೆಯ ಕೊಂಡಿ ಕಂಡು ನಮ್ಮ ದೊಡ್ಡಮ್ಮ ವೈರಸ್ ಅಂದುಕೊಂಡು ಅಳಿಸಿದ್ದರು. ಕ್ಯೂಆರ್ ಕೋಡಿಗೂ ಇದು ಭಾರ. ಮಧ್ಯಮ ಮಟ್ಟದ ತಿದ್ದುಪಡಿ ಇಟ್ಟುಕೊಂಡರೆ 26 ಅಕ್ಷರದ ವಿಳಾಸ 25ಕ್ಕೆ 25 ಚೌಕದಲ್ಲಿ ಹಿಡಿಯುತ್ತದೆ, 150 ಅಕ್ಷರಕ್ಕೆ 49ಕ್ಕೆ 49 ಬೇಕು. ಅಂಚೆಚೀಟಿಯಷ್ಟು ಜಾಗದಲ್ಲಿ ಅದನ್ನು ಸಿರ್ಸಿಯ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ ನೋಡಿ, ಬರೀ ಮಸಿ. ಎರಡೂ ಕಡೆ ವಿಳಾಸದ ಬಾಲವನ್ನು ಕೈಯಾರೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯುವ ಅವಕಾಶ ಇದೆ. ಪ್ರಕಟಿಸುವ ಮುಂಚೆ ಮಾಡಬೇಕು, ಆಮೇಲೆ ಬದಲಿಸಿದರೆ ಬ್ಲಾಗರ್‌ನಲ್ಲಿ ಮತ್ತೆ ಅದೇ ಸತ್ತ ಕೊಂಡಿ.

ಇಷ್ಟೆಲ್ಲ ಆದಮೇಲೂ ಉಪ್ಪಿನಕಾಯಿ ಮಾರಿಕೊಟ್ಟದ್ದು ತಂತ್ರಜ್ಞಾನ ಅಲ್ಲವೇ ಅಲ್ಲ. 'ನಮ್ಮಲ್ಲಿ ಶುಚಿರುಚಿಯಾದ ಅಪ್ಪೆಮಿಡಿ ಲಭ್ಯ' ಅಂತ ಬರೆದದ್ದನ್ನು ಯಾರೂ ಓದಲಿಲ್ಲ. ತಂಗಿ ಒಮ್ಮೆ, ಸುಮ್ನೆ, ಉಪ್ಪಿನಕಾಯಿ ಮೇಲೆ ಬಿಳೀ ಪೊರೆ ಯಾಕೆ ಕಟ್ಟುತ್ತದೆ ಅಂತ ಬರೆದಳು. ಉಪ್ಪು ಕಡಿಮೆಯಾಗಿ, ಗಾಳಿ ಸಿಕ್ಕ ಕಡೆ ಬೆಳೆಯುವ ಒಂದು ಥರದ ಯೀಸ್ಟ್ ಅದು ಅಂತ, ಮಿಡಿ ನೀರಿನ ಮೇಲೆ ತೇಲದ ಹಾಗೆ ಕಲ್ಲು ಹೇರುವುದು ಅದಕ್ಕೇ ಅಂತ. ಆಮೇಲೆ ಅನಂತಭಟ್ಟನ ಅಪ್ಪೆಗೂ ಜೀರಿಗೆ ಮಿಡಿಗೂ ವಾಸನೆಯಲ್ಲಿ ಏನು ವ್ಯತ್ಯಾಸ, ಸೊನೆ ಹೋಗದಂತೆ ತೊಟ್ಟು ಎಷ್ಟು ಉದ್ದ ಬಿಡಬೇಕು ಅಂತೆಲ್ಲ. ಆರ್ಡರ್ ಮಾಡುವವರು ಇವತ್ತಿಗೂ ಬರುವುದು ಆ ಬರಹಗಳ ಮೂಲಕ. ಹಾಗಾಗಿ ಅವಳ ಹೊತ್ತು ಬರೆಯಲು ಉಳಿಯಬೇಕು, ಪ್ಲಗಿನ್ ಅಪ್‌ಡೇಟಿಗೆ ಹೋಗಬಾರದು.

ಈಗ ನಮ್ಮ ಡೊಮೈನ್ ಮತ್ತೆ ರೆಡಿಮೇಡ್ ಬ್ಲಾಗೊಂದಕ್ಕೇ ತೋರಿಸುತ್ತಿದೆ. ನನಗೇನೂ ಅದರಲ್ಲಿ ನಾಚಿಕೆ ಇಲ್ಲ. ಪ್ರತಿ ತಿಂಗಳು ಬರಹಗಳನ್ನೆಲ್ಲ ಇಳಿಸಿ ಎರಡು ಕಡೆ ಇಡುತ್ತೇನೆ. ಆ ಸೇವೆಯವರು ನಾಳೆ ಬಾಗಿಲು ಹಾಕಿದರೆ ಬೇರೆ ಕಡೆ ಹಾಕಿ, ಒಂದು ಸಾಲು ಬದಲಿಸಿದರಾಯಿತು. ದೊಡ್ಡ ಅಂಗಡಿ, ನೂರಾರು ಸರಕು, ಆನ್‌ಲೈನ್ ಪಾವತಿ ಎಲ್ಲಾ ಬೇಕಿದ್ದು, ನೋಡಿಕೊಳ್ಳಲು ಒಬ್ಬರಿದ್ದರೆ ಸ್ವಂತ ಹೋಸ್ಟಿಂಗ್ ಖಂಡಿತ ತಗೊಳ್ಳಿ. ಡೊಮೈನ್ ಮಾತ್ರ, ತಾಣ ಮಾಡಿಕೊಡುವ ಹುಡುಗನ ಹೆಸರಿನಲ್ಲಿ ಅಲ್ಲ, ನಿಮ್ಮದೇ ಹೆಸರು, ನಿಮ್ಮದೇ ಇಮೇಲ್‌ನಲ್ಲಿ ಇರಲಿ.

ಒಂದು ತೊಂದರೆ ಉಳಿದಿತ್ತು. ನಮ್ಮ ಡೊಮೈನ್ ನವೀಕರಣದ ತಾರೀಖು ಬರುವುದು ಮಾರ್ಚ್‌ನಲ್ಲಿ, ಸರಿಯಾಗಿ ಮಿಡಿ ಕೊಯ್ಲಿನ ಹೊತ್ತಿಗೆ. ಆಗ ತಂಗಿ ಇಮೇಲ್ ಹಾಗಿರಲಿ, ಫೋನೂ ಎತ್ತುವುದಿಲ್ಲ, ಕೈಯೆಲ್ಲ ಉಪ್ಪು. ಕಾರ್ಡ್ ನನ್ನದು, ಓಟಿಪಿ ಬರುವುದು ಅವಳಿಗೆ. ಹೋದ ವರ್ಷ ಕೊನೇ ದಿನದವರೆಗೆ ಎಳೆದಾಡಿ, ಐದು ವರ್ಷದ್ದು ಒಟ್ಟಿಗೇ ಕಟ್ಟಿದೆವು.