ಸೂಪರ್‌ಜೂಮ್ ಕೊಳ್ಳುವಾಗ ಮೊದಲ ಅಂಕಿಯನ್ನು ನೋಡಿ

ಪ್ರವಾಸಕ್ಕೆ ಒಂದೇ ಲೆನ್ಸ್ ಸಾಕೆಂದು ನಿರ್ಧರಿಸಿ ಸಲಹೆ ಕೇಳಲು ಬರುವವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, ಅದರಲ್ಲಿ ಜೂಮ್ ಎಷ್ಟಿದೆ ಎಂಬುದು. 300 ಎಂಎಂ ಇದೆಯೆಂದರೆ 400 ಸಿಗುವುದಿಲ್ಲವೇ ಎಂದು ಕೇಳುತ್ತಾರೆ. ಅಗಲದ ನೋಟದಿಂದ ದೂರದ ನೋಟದವರೆಗೆ ಎಲ್ಲವನ್ನೂ ಕೊಡುವ ಇಂತಹ ಲೆನ್ಸನ್ನು ಸೂಪರ್‌ಜೂಮ್ ಎನ್ನುತ್ತಾರೆ. ಅದರ ಮೈಮೇಲೆ 18-300 ಎಂಎಂ ಎಂಬಂತೆ ಬರೆದಿರುವ ಎರಡು ಅಂಕಿಗಳಲ್ಲಿ ಮೊದಲನೆಯದು ಅಗಲದ ತುದಿ, ಎರಡನೆಯದು ದೂರವನ್ನು ಹತ್ತಿರ ತರುವ ಉದ್ದದ ತುದಿ. ಎರಡನೆಯದೇ ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಇದು ಸಹಜವೇ. ಆದರೆ ಪ್ರವಾಸದ ಛಾಯಾಗ್ರಹಣದಲ್ಲಿ ಲೆನ್ಸಿನ ಉಪಯುಕ್ತತೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಮೊದಲ ಅಂಕಿ ಎಂಬುದು ಇಷ್ಟು ವರ್ಷ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಓಡಾಡಿದ ಮೇಲೆ ನನಗೆ ಮನವರಿಕೆಯಾಗಿದೆ.

ಲೆಕ್ಕ ಸರಳವಾಗಿದೆ. ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ) ಇರುವ ಕ್ಯಾಮೆರಾದಲ್ಲಿ 18 ಎಂಎಂ ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು 76 ಡಿಗ್ರಿಯಷ್ಟು ನೋಟವನ್ನು ಹಿಡಿಯುತ್ತದೆ. 16 ಎಂಎಂ ಸುಮಾರು 83 ಡಿಗ್ರಿ ಹಿಡಿಯುತ್ತದೆ. ಎರಡೇ ಎರಡು ಎಂಎಂ ವ್ಯತ್ಯಾಸದಲ್ಲಿ ಏಳು ಡಿಗ್ರಿ ದೊರಕಿತು. ಇನ್ನೊಂದು ತುದಿಯಲ್ಲಿ 200ರಿಂದ 300 ಎಂಎಂಗೆ ಹೋದರೆ ನೋಟ ಸುಮಾರು 8 ಡಿಗ್ರಿಯಿಂದ ಐದೂವರೆ ಡಿಗ್ರಿಗೆ ಇಳಿಯುತ್ತದೆ, ಅಷ್ಟೆ. ಜೊತೆಗೆ, 200 ಎಂಎಂನಲ್ಲಿ ತೆಗೆದ 24 ಮೆಗಾಪಿಕ್ಸೆಲ್ ಚಿತ್ರವನ್ನು 300 ಎಂಎಂನಷ್ಟು ಹತ್ತಿರ ಕಾಣುವಂತೆ ಕ್ರಾಪ್ ಮಾಡಿದರೂ, ಅಂದರೆ ಅಂಚುಗಳನ್ನು ಕತ್ತರಿಸಿದರೂ, ಹತ್ತು ಮೆಗಾಪಿಕ್ಸೆಲ್‌ಗಿಂತ ಹೆಚ್ಚು ಉಳಿಯುತ್ತದೆ, ಗೋಡೆಗೆ ತೂಗುಹಾಕುವ ಸಾಧಾರಣ ಗಾತ್ರದ ಪ್ರಿಂಟಿಗೆ ಅದು ಸಾಕು. ಅಗಲದ ತುದಿಯಲ್ಲಿ ಚೌಕಟ್ಟಿನೊಳಗೆ ಬಾರದೇ ಹೋದದ್ದನ್ನು ಮನೆಗೆ ಬಂದ ಮೇಲೆ ಯಾವ ತಂತ್ರಾಂಶದಿಂದಲೂ ತರಲಾಗದು.

ಬೇಲೂರಿಗೆ ಹೋದವರಿಗೆ ಇದರ ಅರ್ಥ ಕೂಡಲೇ ಆಗುತ್ತದೆ. ದೇವಾಲಯದ ಸುತ್ತಲಿನ ಜಗತಿಯ ಮೇಲೆ ನಿಂತು ನಕ್ಷತ್ರಾಕಾರದ ಗೋಡೆಯ ಮಡಿಕೆಗಳನ್ನು ಹಿಡಿಯಲು ಹೊರಟರೆ ಹಿಂದೆ ಸರಿಯಲು ಜಾಗ ಕಡಿಮೆ. ಇಲ್ಲಿ 16 ಎಂಎಂಗೂ 18 ಎಂಎಂಗೂ ಇರುವ ಅಂತರ ಒಂದು ಇಡೀ ಮೂಲೆಯಷ್ಟಾಗುತ್ತದೆ. ಅದೇ ಸ್ಥಳದಲ್ಲಿ ತಲೆಯೆತ್ತಿದರೆ ಸೂರಿನಂಚಿನ ಕೆಳಗೆ ಮದನಿಕೆಯರಿದ್ದಾರೆ. ಅವರ ಕೈಬಳೆಯ ಕೆತ್ತನೆ ಕಾಣಬೇಕಾದರೆ 100ರಿಂದ 200 ಎಂಎಂ ಬೇಕು. ಹೆಜ್ಜೆ ಕದಲಿಸದೆ, ಲೆನ್ಸ್ ಬದಲಿಸದೆ ಈ ಎರಡನ್ನೂ ಮಾಡಬಲ್ಲದ್ದು ಸೂಪರ್‌ಜೂಮ್ ಒಂದೇ. ಈ ಬಗೆಯ ಲೆನ್ಸನ್ನು ಕಲಿಯುವವರ ಆಟಿಕೆಯೆಂದು ತಳ್ಳಿಹಾಕುವ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಮೈಸೂರು ದಸರೆಯ ಜಂಬೂಸವಾರಿಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ದೂರದಲ್ಲಿ ಕಾಣಿಸಿಕೊಂಡು, ಎದುರಿಗೆ ಬಂದು, ದಾಟಿ ಹೋಗುವ ಕೆಲವೇ ನಿಮಿಷಗಳಲ್ಲಿ, ಜನರ ನೂಕುನುಗ್ಗಲಿನ ನಡುವೆ ಚೀಲ ತೆರೆದು ಲೆನ್ಸ್ ಬದಲಿಸಲು ಯಾರಿಂದಲೂ ಸಾಧ್ಯವಿಲ್ಲ. ಹಂಪಿಯ ಬೇಸಿಗೆಯ ದೂಳಿನಲ್ಲಿ ಹಾಗೆ ಬದಲಿಸಿ, ಸಂಜೆ ಪ್ರತಿಯೊಂದು ಚಿತ್ರದ ಆಕಾಶದಲ್ಲಿಯೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆಗಳನ್ನು ಕಂಡು ನಾನು ಸಂಕಟಪಟ್ಟಿದ್ದೇನೆ.

ಮೊದಲ ಅಂಕಿಯನ್ನು ಕ್ಯಾಮೆರಾದ ಸೆನ್ಸರಿನ ಜೊತೆಗಿಟ್ಟು ಓದಬೇಕು. ನನ್ನ ತರಗತಿಗೆ ಬರುತ್ತಿದ್ದ ಶಿಕ್ಷಕರೊಬ್ಬರು ತಮ್ಮ ಸೋನಿ ಎ6400 ಕ್ಯಾಮೆರಾಕ್ಕೆ ಟ್ಯಾಮ್ರಾನ್‌ನ 28-200 ಎಂಎಂ ಎಫ್/2.8-5.6 ಲೆನ್ಸ್ ಕೊಂಡರು. ಎಫ್ ಜೊತೆಗಿನ ಅಂಕಿ ಅಪರ್ಚರಿನದು, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. 2020ರಲ್ಲಿ ಬಂದ ಆ ಲೆನ್ಸು ಅತ್ಯುತ್ತಮವಾದದ್ದು, 575 ಗ್ರಾಂ ತೂಕದಲ್ಲಿ ಅಷ್ಟು ಬೆಳಕು ಕೊಡುವ ಸೂಪರ್‌ಜೂಮ್ ವಿರಳ. ಆದರೆ ಅದು ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾಕ್ಕಾಗಿ ರೂಪಿಸಿದ್ದು. ಎಪಿಎಸ್-ಸಿ ಸೆನ್ಸರಿನ ಮೇಲೆ ಒಂದೂವರೆ ಪಟ್ಟಿನ ಲೆಕ್ಕದಂತೆ ಅದರ 28 ಎಂಎಂ, ಫುಲ್‌ಫ್ರೇಮಿನ 42 ಎಂಎಂನಷ್ಟು ಇಕ್ಕಟ್ಟಾಗುತ್ತದೆ. ಸಾಲದ್ದಕ್ಕೆ, ಕೈನಡುಕವನ್ನು ಸರಿದೂಗಿಸುವ ಸ್ಟೆಬಿಲೈಸೇಷನ್ ಆ ಲೆನ್ಸಿನಲ್ಲಿಯೂ ಇಲ್ಲ, ಆ ಕ್ಯಾಮೆರಾದಲ್ಲಿಯೂ ಇಲ್ಲ. ಕುಟುಂಬದ ಜೊತೆ ಬಾದಾಮಿಗೆ ಹೋದಾಗ ಗುಹೆಯೊಳಗಿನ ಒಂದು ಕಂಬಸಾಲೂ ಪೂರ್ತಿಯಾಗಿ ಚೌಕಟ್ಟಿಗೆ ಬರಲಿಲ್ಲವೆಂದು ಅವರು ಹೇಳಿದಾಗ, ಕೊಳ್ಳುವ ಮೊದಲು ಈ ಮಾತನ್ನು ತರಗತಿಯಲ್ಲಿ ಹೇಳದೇ ಹೋದೆನಲ್ಲ ಎಂದು ನನಗೆ ನೋವಾಯಿತು. ಅವರ ಕ್ಯಾಮೆರಾಕ್ಕೆ ಒಪ್ಪುತ್ತಿದ್ದದ್ದು ಅದೇ ಕಂಪನಿಯ 18-300 ಎಂಎಂ ಲೆನ್ಸು. 2021ರಲ್ಲಿ ಬಂದ ಇದರ ತೂಕ 620 ಗ್ರಾಂ, ಸ್ಟೆಬಿಲೈಸೇಷನ್ ಲೆನ್ಸಿನೊಳಗೇ ಇದೆ. 2025ರಲ್ಲಿ ಸಿಗ್ಮಾ 16-300 ಎಂಎಂ ತಂದ ಮೇಲೆ, ಎಪಿಎಸ್-ಸಿ ಬಳಸುವವರಿಗೆ ನಾನು ಮೊದಲು ನೋಡಲು ಹೇಳುವುದು ಅದನ್ನು.

ಫುಲ್‌ಫ್ರೇಮ್ ಇರುವವರಿಗೂ ಇದೇ ನ್ಯಾಯ. ನಿಕಾನ್ ಝಡ್ ಕ್ಯಾಮೆರಾಗಳಿಗೆ 24-200 ಎಂಎಂ ಇದೆ, 28-400 ಎಂಎಂ ಕೂಡ ಇದೆ. ಎರಡನೆಯದು 400 ಎಂಎಂವರೆಗೆ ಹೋಗುತ್ತದೆ, ಆದರೆ ಅಲ್ಲಿ ಅಪರ್ಚರ್ ಎಫ್/8ಕ್ಕಿಂತ ಹೆಚ್ಚು ತೆರೆಯುವುದಿಲ್ಲ, ತೂಕವೂ 570 ಗ್ರಾಂನಿಂದ 725 ಗ್ರಾಂಗೆ ಏರುತ್ತದೆ. ಹಕ್ಕಿಗಳೇ ಮುಖ್ಯವಾದ ಪ್ರವಾಸವಾದರೆ 28-400 ಸರಿ. ಊರು, ಮನೆ, ಗುಡಿ, ಊಟ, ಮಕ್ಕಳು ಇವೇ ಮುಖ್ಯವಾದರೆ 24ರಿಂದ ಆರಂಭವಾಗುವುದೇ ಒಳ್ಳೆಯದು. ಕ್ಯಾನನ್‌ನ ಆರ್‌ಎಫ್ 24-240 ಎಂಎಂ ಕೂಡ 24ರಿಂದಲೇ ಆರಂಭವಾಗುತ್ತದೆ. ಅದರ ಅಗಲದ ತುದಿಯಲ್ಲಿ ನೇರಗೆರೆಗಳು ಬಹಳ ಬಾಗುತ್ತವೆ, ಕ್ಯಾಮೆರಾ ಅದನ್ನು ತಾನೇ ತಿದ್ದಿ ಜೆಪೆಗ್ ಕೊಡುತ್ತದೆ. ಕ್ಯಾಮೆರಾ ತಿದ್ದದೆ ಉಳಿಸುವ ರಾ ಕಡತ ಬಳಸುವವರು ಆ ಲೆನ್ಸಿನ ಬಾಗನ್ನು ಸರಿಪಡಿಸುವ ಪ್ರೊಫೈಲ್ ಇರುವ ತಂತ್ರಾಂಶವನ್ನು ಬಳಸಬೇಕಾಗುತ್ತದೆ.

ಇನ್ನು ಬೆಳಕಿನ ವಿಚಾರ. ಸೂಪರ್‌ಜೂಮ್‌ನ ನಿಜವಾದ ಕೊರತೆ ಇರುವುದು ಇಲ್ಲಿಯೇ, ಇದನ್ನು ಮುಚ್ಚಿಡಬಾರದು. ಎಫ್/3.5-6.3 ಎಂದು ಬರೆದಿರುವ ಲೆನ್ಸಿನಲ್ಲಿ ಉದ್ದದ ತುದಿಗೆ ಹೋಗುವ ಹೊತ್ತಿಗೆ ಅಗಲದ ತುದಿಯಲ್ಲಿ ಸೆನ್ಸರಿಗೆ ತಲುಪುತ್ತಿದ್ದ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ತಲುಪುತ್ತದೆ. ಅಪರ್ಚರ್ ಕಿರಿದಾಗುವುದು ಕೊನೆಯಲ್ಲಿ ಮಾತ್ರ ಎಂದೂ ತಿಳಿಯಬಾರದು. ಜೂಮ್ ರಿಂಗನ್ನು ಅರ್ಧ ತಿರುಗಿಸುವ ಮೊದಲೇ ಹೆಚ್ಚಿನ ಬೆಳಕು ಕೈಬಿಟ್ಟಿರುತ್ತದೆ. ಅಂಗಡಿಯಲ್ಲಿ ಲೆನ್ಸ್ ಕೈಗೆ ಬಂದಾಗ 50, 100, 150 ಎಂಎಂನಲ್ಲಿ ಅಪರ್ಚರ್ ಎಷ್ಟು ತೋರಿಸುತ್ತದೆಂದು ಬರೆದುಕೊಳ್ಳಿರಿ. ಎರಡು ಲೆನ್ಸುಗಳ ನಡುವಿನ ಬೆಳಕಿನ ವ್ಯತ್ಯಾಸ ಗೊತ್ತಾಗುವುದು ಈ ನಡುವಣ ಅಂಕಿಗಳಿಂದ.

ಕಬಿನಿಯಲ್ಲಿ ಒಂದು ಸಂಜೆ ಸಫಾರಿ ಮುಗಿಯುವ ಹೊತ್ತಿಗೆ ಮರದ ನೆರಳಿನಲ್ಲಿ ಚಿರತೆ ಕಂಡಿತು. ನನ್ನ ಬಳಿ ಇದ್ದದ್ದು ಎಫ್/6.3ರ ಸೂಪರ್‌ಜೂಮ್, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒವನ್ನು 6400ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕಿಂತ ಮೇಲೆ ಹೋಗಲಿಲ್ಲ. ಸ್ಟೆಬಿಲೈಸೇಷನ್ ನನ್ನ ಕೈಯನ್ನು ಹಿಡಿದು ನಿಲ್ಲಿಸಿತು, ಮರದ ತೊಗಟೆ ಸ್ಫುಟವಾಗಿ ಬಂತು. ಚಿರತೆ ಮಾತ್ರ ತಲೆ ತಿರುಗಿಸುತ್ತಲೇ ಇದ್ದುದರಿಂದ ಅದರ ಮುಖ ಒಂದು ಚಿತ್ರದಲ್ಲಿಯೂ ಸ್ಪಷ್ಟವಾಗಲಿಲ್ಲ. ಸ್ಟೆಬಿಲೈಸೇಷನ್ ನಿಲ್ಲಿಸುವುದು ನಮ್ಮ ನಡುಕವನ್ನು, ಎದುರಿನ ಜೀವದ ಚಲನೆಯನ್ನಲ್ಲ. ಕಾಡಿನ ಮುಂಜಾವ ಮತ್ತು ಮುಸ್ಸಂಜೆಗಳಿಗಾಗಿಯೇ ಲೆನ್ಸ್ ಕೊಳ್ಳುವವರಿಗೆ ಯಾವ ಸೂಪರ್‌ಜೂಮನ್ನೂ ನಾನು ಸೂಚಿಸುವುದಿಲ್ಲ.

ದೇವಾಲಯಗಳ ಒಳಗಿನ ಕತ್ತಲೆಗೆ ಪರಿಹಾರ ಇಷ್ಟು ಕಷ್ಟದ್ದಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಒಳಗೆ ತಿರುಗಣಿಯಲ್ಲಿ ಕಡೆದಂತೆ ಹೊಳೆಯುವ ಕಂಬಗಳ ನಡುವೆ ಬೆಳಕು ತೀರ ಕಡಿಮೆ, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಬಳಸುವಂತಿಲ್ಲ. ಇಂತಹ ಕಡೆಗೆ ಸೂಪರ್‌ಜೂಮ್ ಜೊತೆಗೆ 35 ಎಂಎಂ ಎಫ್/1.8ರಂತಹ ಜೂಮ್ ಇಲ್ಲದ ಒಂದು ಪುಟ್ಟ ಪ್ರೈಮ್ ಲೆನ್ಸ್ ಚೀಲದಲ್ಲಿದ್ದರೆ, ಎಫ್/4ಕ್ಕೆ ಹೋಲಿಸಿದಾಗ ಅದು ಸುಮಾರು ಐದು ಪಟ್ಟು ಬೆಳಕನ್ನು ಒಳಬಿಡುತ್ತದೆ. ಒಂದೇ ಲೆನ್ಸ್ ಎಂಬ ಹಟವನ್ನು ಇಷ್ಟರಮಟ್ಟಿಗೆ ಸಡಿಲಿಸುವುದು ಜಾಣತನ. ಒಳಗೆ ಹೋಗುವ ಮೊದಲು ಒಮ್ಮೆ, ಹೊರಗೆ ಬಂದ ಮೇಲೆ ಒಮ್ಮೆ, ಎರಡೇ ಸಲ ಬದಲಿಸಿದರೆ ಸಾಕಾಗುತ್ತದೆ.

ಹತ್ತಿರದ ಚಿತ್ರಗಳ ಬಗ್ಗೆ ಪೆಟ್ಟಿಗೆಯ ಮೇಲಿನ ಬರಹವನ್ನು ಎಚ್ಚರದಿಂದ ಓದಬೇಕು. ಟ್ಯಾಮ್ರಾನ್ 18-300 ಕೇವಲ 15 ಸೆಂಟಿಮೀಟರಿನಿಂದ ಫೋಕಸ್ ಮಾಡುತ್ತದೆ ಎಂಬುದು ನಿಜ, ಆದರೆ ಅದು 18 ಎಂಎಂನಲ್ಲಿ ಮಾತ್ರ, ಮತ್ತು ಆ ದೂರವನ್ನು ಅಳೆಯುವುದು ಸೆನ್ಸರಿನಿಂದ. ಅಷ್ಟು ಹತ್ತಿರ ಹೋದಾಗ ಲೆನ್ಸಿನ ಮುಂತುದಿಗೂ ಹೂವಿಗೂ ಒಂದು ಬೆರಳಿನಷ್ಟೂ ಅಂತರ ಉಳಿಯದೆ, ಲೆನ್ಸಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. 300 ಎಂಎಂನಲ್ಲಿ ಕನಿಷ್ಠ ದೂರ ಸುಮಾರು ಒಂದು ಮೀಟರ್. ಚಿಟ್ಟೆಗಳಿಗೆ ಉಪಯೋಗಕ್ಕೆ ಬರುವುದು ಈ ಎರಡನೆಯ ಅಳತೆ. ದೂರದ ವಸ್ತುಗಳ ವಿಷಯದಲ್ಲಿ ಇನ್ನೊಂದು ಮಾತು: ಮಧ್ಯಾಹ್ನದ ಬಿಸಿಲಿನಲ್ಲಿ ಮಾತಂಗ ಬೆಟ್ಟದಿಂದ ವಿರೂಪಾಕ್ಷದ ಗೋಪುರವನ್ನು 300 ಎಂಎಂನಲ್ಲಿ ತೆಗೆದರೆ, ಕಾದ ಬಂಡೆಗಳಿಂದ ಏಳುವ ಬಿಸಿಗಾಳಿ ಗೋಪುರದ ಅಂಚುಗಳನ್ನು ಕದಡಿಬಿಡುತ್ತದೆ. ಅದು ಲೆನ್ಸಿನ ತಪ್ಪಲ್ಲ, ಎಷ್ಟು ಬೆಲೆಯ ಲೆನ್ಸಿನಿಂದಲೂ ತಪ್ಪಿಸಲಾಗದು.

ನಿಮಗೆ ಯಾವ ಅಳತೆ ಬೇಕೆಂದು ತಿಳಿಯಲು ನಿಮ್ಮ ಹಳೆಯ ಚಿತ್ರಗಳೇ ಸಾಕ್ಷಿ. ಪ್ರತಿ ಚಿತ್ರದ ಕಡತದಲ್ಲಿಯೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದಿರೆಂದು ದಾಖಲಾಗಿರುತ್ತದೆ. ಲೈಟ್‌ರೂಮ್‌ನಂತಹ ತಂತ್ರಾಂಶದಲ್ಲಿ ಅದರ ಪ್ರಕಾರ ವಿಂಗಡಿಸಬಹುದು. ಕ್ಯಾಮೆರಾದ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸಿನಲ್ಲಿ ತೆಗೆದ ಬಹುಪಾಲು ಚಿತ್ರಗಳು 18 ಎಂಎಂಗೆ ಅಂಟಿಕೊಂಡಿದ್ದರೆ ನಿಮಗೆ ಬೇಕಾಗಿರುವುದು ಇನ್ನಷ್ಟು ಅಗಲ, ಉದ್ದವಲ್ಲ. 55ರಲ್ಲಿ ರಾಶಿ ಬಿದ್ದಿದ್ದರೆ ಸೂಪರ್‌ಜೂಮ್ ನಿಮಗೆ ನಿಜಕ್ಕೂ ಒದಗಿಬರುತ್ತದೆ.

ಹಣ ಕೊಡುವ ಮೊದಲು, ಸಾಧ್ಯವಾದರೆ ಎರಡು ದಿನ ಬಾಡಿಗೆಗೆ ತಂದು ನೋಡಿರಿ. ಇಷ್ಟೊಂದು ಗಾಜುಗಳು ಒಂದರ ಹಿಂದೊಂದು ಸರಿಯುವ ಲೆನ್ಸಿನಲ್ಲಿ ಯಾವುದಾದರೂ ಒಂದು ಕೂದಲೆಳೆಯಷ್ಟು ಓರೆಯಾಗಿದ್ದರೂ ಚಿತ್ರದ ಒಂದು ಬದಿ ಮಸುಕಾಗುತ್ತದೆ. ಆದ್ದರಿಂದ ಕೊಂಡ ದಿನವೇ ದೂರದ ಕಟ್ಟಡವೊಂದರ ಚಿತ್ರವನ್ನು ಎಫ್/8ರಲ್ಲಿ, ಅಗಲದ ತುದಿ, ನಡುವು ಮತ್ತು ಉದ್ದದ ತುದಿಯಲ್ಲಿ ತೆಗೆದು, ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ಹೋಲಿಸಬೇಕು. ನಾಲ್ಕೂ ಸಮನಾಗಿ ತುಸು ಮೃದುವಾಗಿದ್ದರೆ ಅದು ಈ ಬಗೆಯ ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಹದಗೆಟ್ಟಿದ್ದರೆ ಬಿಲ್ಲಿನೊಂದಿಗೆ ಹಿಂದಿರುಗಿ ಬೇರೊಂದನ್ನು ಕೇಳಿ ಪಡೆಯಿರಿ.